ಕೆಜಿಎಫ್‌ನ ಧೂಳು, ನನ್ನ ಅಡುಗೆಮನೆ

ಕೆಜಿಎಫ್ ಅಂದ ತಕ್ಷಣ ನಮ್ಮ ವಯಸ್ಸಿನವರಿಗೆ ನೆನಪಾಗೋದು ಸಿನಿಮಾ. ನನಗೂ ಅಷ್ಟೇ. ಎರಡೂ ಭಾಗ ಮೊದಲ ದಿನವೇ ನೋಡಿದವನು ನಾನು. ಆದರೆ ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಆ ಊರಿಗೆ, ಇಲ್ಲಿ ಕೆಲಸಕ್ಕೆ ಸೇರಿ ಎಂಟು ವರ್ಷವಾದರೂ ಒಮ್ಮೆಯೂ ಹೋಗಿರಲಿಲ್ಲ. ಗೋಕರ್ಣ, ಕೊಡಗು, ಪಾಂಡಿಚೇರಿ ಎಲ್ಲಾ ಆಗಿತ್ತು. ಕೊನೆಗೆ ಕೆಜಿಎಫ್‌ಗೆ ಕರೆದುಕೊಂಡು ಹೋಗಿದ್ದು ನನ್ನ ಅಡುಗೆಮನೆಯ ಕಟ್ಟೆ.

ವೈಟ್‌ಫೀಲ್ಡ್ ಹತ್ತಿರ ಹಳೇ ಅಪಾರ್ಟ್‌ಮೆಂಟ್‌ನಲ್ಲಿ ಒಂದು ಮನೆ ತಗೊಂಡಿದ್ದೆ. ಹಿಂದಿನವರ ಅಡುಗೆಮನೆ ಅಮ್ಮನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಹಳೇ ಕಟ್ಟೆ ಕಿತ್ತು ಹೊಸ ಗ್ರಾನೈಟ್ ಹಾಕಿಸೋದು ಅಂತಾಯ್ತು. ಕಾಂಟ್ರಾಕ್ಟರ್ ಒಬ್ಬರನ್ನು ಕಳಿಸಿದ. ನಲವತ್ತು ದಾಟಿದ ತೆಳ್ಳನೆ ಮನುಷ್ಯ. ಹೆಗಲಿಗೊಂದು ಚೀಲ, ಅದರಲ್ಲಿ ಕಟಿಂಗ್ ಮಷಿನ್, ಮೂರು ಬ್ಲೇಡು, ಟಿಫನ್ ಡಬ್ಬಿ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬೆಲ್ ಒತ್ತುತ್ತಿದ್ದರು.

"ಎಲ್ಲಿಂದ ಬರ್ತೀರಾ ಅಣ್ಣಾ?"

"ಕೆಜಿಎಫ್ ಸಾರ್. ಟ್ರೈನಲ್ಲಿ."

"ದಿನಾನಾ?"

"ದಿನಾ. ನಾನೊಬ್ನೇನಾ ಸಾರ್, ಅರ್ಧ ಊರೇ ಬರತ್ತೆ."

ಗ್ರಾನೈಟ್ ಕತ್ತರಿಸುವಾಗ ಪಕ್ಕದಲ್ಲಿ ಇದ್ದೀರಾ? ಇದ್ದವರಿಗೆ ಹೇಳಬೇಕಿಲ್ಲ. ಸದ್ದು ಒಂದು ಕಡೆ ಇರಲಿ, ಬ್ಲೇಡು ಕಲ್ಲಿಗೆ ತಾಗಿದ ಹತ್ತು ಸೆಕೆಂಡಿಗೆ ಇಡೀ ಹಾಲ್ ಮಂಜು ಕವಿದ ಹಾಗಾಗುತ್ತದೆ. ನನಗೆ ಅವತ್ತು ವರ್ಕ್ ಫ್ರಮ್ ಹೋಮ್. ನಾನು ಮಾಡಿದ್ದಿಷ್ಟು: ಬೆಡ್‌ರೂಮಿನ ಬಾಗಿಲು ಹಾಕಿಕೊಂಡೆ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿದೆ. ಲ್ಯಾಪ್‌ಟಾಪ್‌ನ ಫ್ಯಾನಿಗೆ ಧೂಳು ಹೋಗಬಾರದಲ್ಲ. ಒಂದು ಗಂಟೆ ಬಿಟ್ಟು ಹೊರಗೆ ಬಂದರೆ ಮನುಷ್ಯ ಅಡಿಯಿಂದ ಮುಡಿಯವರೆಗೆ ಬೆಳ್ಳಗೆ. ರೆಪ್ಪೆ ಕೂದಲೂ ಬೆಳ್ಳಗೆ. ಮೂಗು ಬಾಯಿಗೆ ಒಂದು ಕರ್ಚೀಫ್ ಕಟ್ಟಿಕೊಂಡಿದ್ದರು. ನನ್ನ ಮುಖ ನೋಡಿ ಮಷಿನ್ ನಿಲ್ಲಿಸಿ, "ಮೀಟಿಂಗ್ ಇದ್ರೆ ಹೇಳಿ ಸಾರ್, ಆಮೇಲೆ ಹೊಡೀತೀನಿ" ಅಂದರು. ಸದ್ದಿನ ಬಗ್ಗೆ ಹೇಳಲು ಬಂದಿದ್ದೇನೆ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಅದಕ್ಕೇ ಬಂದಿದ್ದೆ.

ಮೂರನೇ ದಿನ ಸಿಂಕ್‌ಗೆ ತೂತು ಕತ್ತರಿಸುವಾಗ ಕೆಮ್ಮು ಹತ್ತಿತು. ಬಾಲ್ಕನಿಗೆ ಹೋಗಿ ಕೂತರು. ಐದು ನಿಮಿಷ ಆದರೂ ನಿಲ್ಲಲಿಲ್ಲ. ನೀರು ಕೊಟ್ಟೆ. "ಎಷ್ಟು ದಿನದಿಂದ ಅಣ್ಣಾ ಇದು?" ಅಂದೆ.

"ಇದು ಧೂಳ್ ಕೆಮ್ಮು ಸಾರ್, ಭಾನುವಾರ ಇರಲ್ಲ. ನಮ್ ನೈನಾ ಕೆಮ್ಮೋದು ನೋಡ್ಬೇಕು ನೀವು." ಆ ಕಡೆಯವರು ಅಪ್ಪನನ್ನು ನೈನಾ ಅಂತಾರೆ. ಅಪ್ಪ ಕೆಜಿಎಫ್ ಗಣಿಯಲ್ಲಿ ಡ್ರಿಲ್ ಹೊಡೆಯುತ್ತಿದ್ದರಂತೆ. "ಈ ಶನಿವಾರ ಬನ್ನಿ ಸಾರ್ ನನ್ ಜೊತೆ, ಸಿನಿಮಾ ಶೂಟಿಂಗ್ ಮಾಡಿದ್ ಗುಡ್ಡ ತೋರಿಸ್ತೀನಿ" ಅಂತ ನಕ್ಕರು. ನಾನು ಹೂಂ ಅಂದೆ. ಅವರು ಅದನ್ನು ನಂಬಿರಲಿಲ್ಲ ಅನ್ನೋದು ಶನಿವಾರ ಸಂಜೆ ನಾನು ಬ್ಯಾಗ್ ಹಾಕಿಕೊಂಡು ಹೊರಟಾಗ ಗೊತ್ತಾಯಿತು.

ಅರ್ಧ ಊರೇ ಬರತ್ತೆ ಅಂದಿದ್ದು ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ವೈಟ್‌ಫೀಲ್ಡ್ ಸ್ಟೇಷನ್‌ನಲ್ಲಿ ಮಾರಿಕುಪ್ಪಂ ರೈಲು ಹತ್ತಿದ ಮೇಲೆ ಆ ಅನುಮಾನ ಹೋಯಿತು. ಒಂದು ಕಾಲಿಡಲು ಜಾಗವಿಲ್ಲ. ಸೆಕ್ಯುರಿಟಿ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿಕೊಂಡವರು, ಗಾರ್ಮೆಂಟ್ಸ್ ಹೆಂಗಸರು, ನರ್ಸ್‌ಗಳು, ಬಟ್ಟೆ ಅಂಗಡಿ ಸೇಲ್ಸ್ ಹುಡುಗಿಯರು, ಪೇಂಟರ್‌ಗಳು, ಪ್ಲಂಬರ್‌ಗಳು. ಬಾಗಿಲ ಬಳಿ ನ್ಯೂಸ್‌ಪೇಪರ್ ಹಾಸಿ ಒಬ್ಬರ ಭುಜಕ್ಕೆ ಒಬ್ಬರು ಒರಗಿ ಮಲಗಿದವರು. ನಾಲ್ಕು ಜನ ಮಧ್ಯದಲ್ಲಿ ಬ್ಯಾಗ್ ಇಟ್ಟು ಅದರ ಮೇಲೆ ಇಸ್ಪೀಟ್. ಎಲ್ಲರಿಗೂ ಎಲ್ಲರೂ ಗೊತ್ತು. ತಮಿಳು, ಕನ್ನಡ, ತೆಲುಗು ಒಂದೇ ವಾಕ್ಯದಲ್ಲಿ ಬರುತ್ತಿತ್ತು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಸೇರುವ ಜನ. ದಿನಕ್ಕೆ ಐದು ಗಂಟೆ ರೈಲಿನಲ್ಲೇ. ಔಟರ್ ರಿಂಗ್ ರೋಡ್ ಟ್ರಾಫಿಕ್ ಬಗ್ಗೆ ನಾನು ಹಾಕಿದ ಪೋಸ್ಟ್‌ಗಳೆಲ್ಲ ನೆನಪಾಗಿ ಸುಮ್ಮನೆ ನಿಂತೆ.

ಮಾಲೂರು ದಾಟಿತು. ಟೇಕಲ್ ಹತ್ತಿರ ದೊಡ್ಡ ದೊಡ್ಡ ಬಂಡೆಗಳು ಕತ್ತಲಲ್ಲಿ ಆನೆಗಳ ಹಾಗೆ ಕೂತಿದ್ದವು. ಬಂಗಾರಪೇಟೆಯಲ್ಲಿ ಅರ್ಧ ಜನ ಇಳಿದರು. (ಬಣ್ಣವಿಲ್ಲದ ನೀರಿನ ಪಾನಿಪುರಿ ತಿನ್ನದೆ ಬಂಗಾರಪೇಟೆ ದಾಟಿದ್ದಕ್ಕೆ ಫ್ರೆಂಡ್ಸ್ ಇವತ್ತಿಗೂ ಬೈತಾರೆ.) ಅಲ್ಲಿಂದ ರೈಲು ಮೇನ್ ಲೈನ್ ಬಿಟ್ಟು ಕವಲು ಹಳಿ ಹಿಡಿಯುತ್ತದೆ. 1894ರಲ್ಲಿ ಗಣಿಗೋಸ್ಕರವೇ ಹಾಕಿದ ಹಳಿ ಇದು. ಕೋರಮಂಡಲ, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಒಂದೊಂದು ಸ್ಟೇಷನ್ನಿಗೂ ಒಂದೊಂದು ಗಣಿಯ ನಂಟು. ಒಂದು ಕಾಲದಲ್ಲಿ ಈ ಹಳಿ ಮೇಲೆ ಜನ ಕೆಲಸಕ್ಕೆ ಒಳಗೆ ಬರುತ್ತಿದ್ದರು. ಈಗ ಅದೇ ಹಳಿ ಮೇಲೆ ಹೊರಗೆ ಹೋಗುತ್ತಾರೆ.

ರಾತ್ರಿ ರಾಬರ್ಟ್‌ಸನ್ ಪೇಟೆಯ ಲಾಡ್ಜ್‌ನಲ್ಲಿ ಮಲಗಿದೆ. ಬೆಳಿಗ್ಗೆ ಅಣ್ಣ ಬೈಕ್ ತಂದರು. ಮೊದಲು ಸೈನೈಡ್ ಗುಡ್ಡ. ಸಿನಿಮಾದಲ್ಲಿ ನೋಡಿದ ಜಾಗವೇ, ಆದರೆ ಬಣ್ಣ ಬೇರೆ. ಹಿಟ್ಟಿನಂಥ ಮಣ್ಣು, ಮಾಸಲು ಹಳದಿ, ಮಳೆ ಕೊರೆದ ಕೊರಕಲುಗಳು. ಹುಲ್ಲು ಕೂಡ ಅಲ್ಲೊಂದು ಇಲ್ಲೊಂದು. ಇಂಥ ದಿಬ್ಬಗಳು ಊರಲ್ಲಿ 13 ಇವೆ. ಮೂರು ಕೋಟಿ ಟನ್‌ಗೂ ಹೆಚ್ಚು ಮಣ್ಣು. ಹೆಸರು ಸೈನೈಡ್ ಆದರೂ ಇದು ಪುಡಿಯಾದ ಕಲ್ಲು. ಕೋಲಾರದ ಚಿನ್ನ ಇದ್ದಿದ್ದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲನ್ನು ಮೇಲೆ ತಂದು, ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದದ್ದನ್ನು ಇಲ್ಲಿ ಸುರಿದರು. ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಮಿಕ್ಕಿದ್ದೆಲ್ಲ ಈ ಗುಡ್ಡವೇ.

"ಆಷಾಢದ ಗಾಳಿಗೆ ಊರೆಲ್ಲಾ ಇದೇ ಸಾರ್. ಅನ್ನದ ತಟ್ಟೇಲೂ ಬಂದು ಕೂರತ್ತೆ" ಅಂದರು ಅಣ್ಣ. ನಾನು ಬಗ್ಗಿ ಒಂದು ಹಿಡಿ ತಗೊಂಡೆ. ಬೆರಳ ಸಂದಿಯಿಂದ ಟಾಲ್ಕಮ್ ಪೌಡರ್ ಹಾಗೆ ಜಾರಿತು. ಬೆಣಚುಕಲ್ಲು ಅಂದರೆ ಇಂಗ್ಲಿಷಿನ ಕ್ವಾರ್ಟ್ಸ್. ರಸಾಯನಶಾಸ್ತ್ರದಲ್ಲಿ ಸಿಲಿಕಾ. ಇಂಜಿನಿಯರಿಂಗ್ ಮೊದಲ ವರ್ಷದ ಪರೀಕ್ಷೆಗೆ ಇದರ ಫಾರ್ಮುಲಾ ಬಾಯಿಪಾಠ ಮಾಡಿದ್ದು ಬಿಟ್ಟರೆ ನನಗೂ ಅದಕ್ಕೂ ಸಂಬಂಧವಿಲ್ಲ ಅಂದುಕೊಂಡಿದ್ದೆ. ನಮ್ಮ ಕಟ್ಟೆಯ ಗ್ರಾನೈಟಿನಲ್ಲೂ ಅದಿದೆ. ಈಗ ಫ್ಯಾಷನ್ ಆಗಿರುವ ಬಿಳಿ ಕ್ವಾರ್ಟ್ಸ್ ಸ್ಲ್ಯಾಬ್‌ಗಳಲ್ಲಂತೂ ನೂರಕ್ಕೆ 90ಕ್ಕೂ ಹೆಚ್ಚು ಇರಬಹುದು. ಅವನ್ನು ಕತ್ತರಿಸಿದ ಕೆಲಸಗಾರರ ಶ್ವಾಸಕೋಶ ಹಾಳಾಯಿತು ಅಂತಲೇ 2024ರ ಜುಲೈನಿಂದ ಆಸ್ಟ್ರೇಲಿಯಾ ಅಂಥ ಸ್ಲ್ಯಾಬ್‌ಗಳನ್ನು ನಿಷೇಧಿಸಿತು. ನಮ್ಮಲ್ಲಿ ಅದಕ್ಕೆ ಇಎಂಐ ಸಿಗುತ್ತದೆ.

ಗುಡ್ಡದ ಮೇಲಿಂದ ಗಣಿಯ ಕಬ್ಬಿಣದ ಗೋಪುರಗಳು ಕಾಣುತ್ತವೆ. ಅವುಗಳ ಕೆಳಗೆ ಶಾಫ್ಟು. ಚಾಂಪಿಯನ್ ರೀಫ್ ಗಣಿ ಹೋಗಿದ್ದು ಸುಮಾರು 3.2 ಕಿಲೋಮೀಟರ್ ಆಳಕ್ಕೆ. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಮೇಲೆ. ಆ ಆಳ ವಿಜ್ಞಾನಿಗಳಿಗೂ ಬೇಕಾಗಿತ್ತು. 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೋಗಳು ಪತ್ತೆಯಾದ ಜಾಗಗಳಲ್ಲಿ ಇದೂ ಒಂದು. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಲೇ ಇಲ್ಲವಲ್ಲ ಅಂತ ಬೇಜಾರಾಯಿತು.

ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ 1880ರಲ್ಲಿ ಇಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಮೂರು ವರ್ಷ ಆದಮೇಲೆ, 1905ರಲ್ಲಿ. ಗೈಡ್‌ಗಳು, ಯೂಟ್ಯೂಬ್ ವಿಡಿಯೋಗಳು ಇದನ್ನೆಲ್ಲ ಹೇಳುತ್ತವೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಮಿನಿ ಇಂಗ್ಲೆಂಡ್ ಅಂತ. ಕಡಿಮೆ ಹೇಳೋದು, ಕೆಳಗೆ ಇಳಿದವರು ಯಾರು ಅನ್ನೋದು. ಬಹುಪಾಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಭೂಮಿಯಿಲ್ಲದ ದಲಿತರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ 30 ಸಾವಿರದ ಹತ್ತಿರ ಜನ ಇಲ್ಲಿ ದುಡಿಯುತ್ತಿದ್ದರು. ಅಣ್ಣನ ಮುತ್ತಾತ ಗುಡಿಯಾತ್ತಂ ಹತ್ತಿರದ ಹಳ್ಳಿಯಿಂದ ಮೇಸ್ತ್ರಿ ಕೊಟ್ಟ ಮುಂಗಡ ಹಣ ಹಿಡಿದು ಬಂದವರಂತೆ. ಊರಲ್ಲಿ ಜಾತಿ, ಇಲ್ಲಿ ಕತ್ತಲೆ. ಕತ್ತಲೆಯಲ್ಲಿ ಕೂಲಿಯಾದರೂ ಸಿಗುತ್ತಿತ್ತು.

ಕೆಲಸ ಮುಗಿಸಿ ಮೇಲೆ ಬಂದವರನ್ನು ಪ್ರತಿದಿನ ಸರ್ಚ್ ಮಾಡುತ್ತಿದ್ದರು. ಚಿನ್ನದ ಅದಿರು ಇಟ್ಟುಕೊಂಡಿದ್ದರೆ ಜೈಲು. ಕಾರ್ಮಿಕರ ಬೆರಳಚ್ಚು ತಗೊಳ್ಳಲು ಹೊರಟಾಗ 1930ರಲ್ಲಿ ಇಡೀ ಗಣಿ ಸುಮಾರು ಮೂರು ವಾರ ಮುಷ್ಕರ ಹೂಡಿತು. ನಮ್ಮನ್ನು ಕಳ್ಳರ ಥರ ನೋಡಬೇಡಿ ಅಂತ. ನಾನು ಪ್ರತಿದಿನ ಬೆಳಿಗ್ಗೆ ಆಫೀಸ್ ಗೇಟಿನಲ್ಲಿ ಬೆರಳೊತ್ತಿ ಒಳಗೆ ಹೋಗುತ್ತೇನೆ, ಒಂದು ಮಾತೂ ಆಡದೆ.

ಅಣ್ಣನ ಮನೆ ಇರುವುದು ಉರಿಗಾಂ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಒಂದು ಲೈನಿನಲ್ಲಿ. ಗಣಿ ಕಾರ್ಮಿಕರ ಸಾಲು ಮನೆಗಳಿಗೆ ಲೈನ್ ಅಂತಲೇ ಹೆಸರು. ತಗ್ಗು ಛಾವಣಿ, ಒಂದು ಕೋಣೆ, ಮುಂದೆ ತಾವೇ ಕಟ್ಟಿಕೊಂಡ ಇನ್ನೊಂದು. ಬೀದಿ ತುದಿಯಲ್ಲಿ ನೀಲಿ ಕೋಟಿನ ಅಂಬೇಡ್ಕರ್ ಪ್ರತಿಮೆ. ಪ್ರತಿ ಲೈನಿನಲ್ಲೂ ಒಂದು ಇರುವ ಹಾಗೆ ಕಂಡಿತು.

ತಾತ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ. ಎಪ್ಪತ್ತೆರಡು ವಯಸ್ಸು. ಅಂಗಿಯೊಳಗೆ ಭುಜದ ಮೂಳೆ ಎದ್ದು ಕಾಣುತ್ತಿತ್ತು. ಹಾಗೆ ಬಾಗಿ ಕೂತರೆ ಮಾತ್ರ ಉಸಿರು ಸಲೀಸಂತೆ. ಮಲಗಿದರೆ ಎದೆ ಮೇಲೆ ಯಾರೋ ಕೂತ ಹಾಗೆ. ಅದಕ್ಕೇ ರಾತ್ರಿಯೂ ಕೂತೇ ನಿದ್ದೆ, ಎದುರಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಎರಡು ದಿಂಬು, ದಿಂಬಿನ ಮೇಲೆ ತಲೆ.

"ವಾಂಗ ತಂಬಿ, ಬನ್ನಿ" ಅಂದರು. ಅಷ್ಟಕ್ಕೇ ಒಮ್ಮೆ ನಿಂತು ಉಸಿರು ಎಳೆದುಕೊಂಡರು. ನಾನು ಏನು ಕೇಳಲಿ ಅಂತ ಗೊತ್ತಾಗದೆ, "ಗಣೀಲಿ ತುಂಬಾ ಧೂಳಿತ್ತಾ ತಾತ?" ಅಂದೆ. ಗಣಿಯನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಧೂಳ್ ಇತ್ತು. ಆದ್ರೆ ನೀರೂ ಇತ್ತು ತಂಬಿ." ನಿಲುಗಡೆ. "ನೀರ್ ಬಿಟ್ಕೊಂಡೇ ಡ್ರಿಲ್ ಹೊಡೀಬೇಕು. ಒಣಾ ಹೊಡುದ್ರೆ ಬೈಗುಳ." ನಿಲುಗಡೆ. "ಎದೆ ಫೋಟೋ ತೆಗೀತಿದ್ರು. ಏರ್ ಬ್ಲಾಸ್ಟಲ್ಲಿ ಸತ್ತೋರು ಎಷ್ಟೋ ಜನ. ನನ್ ಫ್ರೆಂಡು ಇಬ್ರು. ಆದ್ರೆ ನಮ್ಗೆ ಹೆಸರಿತ್ತು. ನಂಬರಿತ್ತು." ಒತ್ತಡಕ್ಕೆ ಬಂಡೆ ಸಿಡಿಯುವುದನ್ನು ಇಲ್ಲಿ ಏರ್ ಬ್ಲಾಸ್ಟ್ ಅಂತಾರೆ. ಒಳಗಿನಿಂದ ಅಮ್ಮ ಒಂದು ಹಿತ್ತಾಳೆ ಬಿಲ್ಲೆ ತಂದು ನನ್ನ ಕೈಗಿಟ್ಟರು. ಅದರ ಮೇಲೆ ಅವರ ನಂಬರು. ಉಜ್ಜಿ ಉಜ್ಜಿ ಇಟ್ಟಿದ್ದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದಿದ್ದ ಗಣಿ. ಕೊನೆಯಲ್ಲಿ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಜನ ಒಂದೇ ದಿನ ಮನೆಗೆ ಬಂದರು. ತಾತನಿಗೆ ಆಗ ಐವತ್ತರ ಹತ್ತಿರ. ಕಲ್ಲು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಬೆಂಗಳೂರಿನ ಹೊರವಲಯದ ಒಂದು ಜಲ್ಲಿ ಕ್ರಷರ್‌ಗೆ ಸೇರಿದರು. ಆ ಹೊತ್ತಿಗೆ ನಮ್ಮ ಟೆಕ್ ಪಾರ್ಕ್‌ಗಳು, ಫ್ಲೈಓವರ್‌ಗಳು ಏಳುತ್ತಿದ್ದವು, ಜಲ್ಲಿಗೆ ಭಾರಿ ಬೇಡಿಕೆ. ಆರು ವರ್ಷ ಅಲ್ಲಿದ್ದರು. ಹಾಜರಿ ಪುಸ್ತಕ ಇಲ್ಲ, ಚೀಟಿ ಇಲ್ಲ, ವಾರದ ಬಟವಾಡೆ ಕೈಗೆ. ನೀರು? "ನೀರ್ ಹಾಕಿದ್ರೆ ಜಲ್ಲಿ ಅಂಟ್ಕೊಳತ್ತೆ, ಮಷಿನ್ ನಿಲ್ಲತ್ತೆ ಅಂತಿದ್ರು." ಎಕ್ಸ್‌ರೇ ಮಾತೇ ಇಲ್ಲ.

ಕೆಮ್ಮು ಶುರುವಾದಾಗ ಟಿಬಿ ಅಂದರು. ಆರು ತಿಂಗಳು ಮಾತ್ರೆ. ಹೋಗಲಿಲ್ಲ. ಮತ್ತೆ ಟಿಬಿ ಅಂದರು, ಮತ್ತೆ ಮಾತ್ರೆ. ಕಫದಲ್ಲಿ ಮಾತ್ರ ಒಮ್ಮೆಯೂ ಟಿಬಿ ಸಿಗಲಿಲ್ಲ. ನಾಲ್ಕನೇ ಡಾಕ್ಟರ್ ಎಕ್ಸ್‌ರೇ ನೋಡಿ ಒಂದು ಪ್ರಶ್ನೆ ಕೇಳಿದರಂತೆ: "ಏನು ಕೆಲಸ ಮಾಡ್ತಿದ್ರಿ?" ಅಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಸಿಲಿಕೋಸಿಸ್ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನೂ ಲ್ಯಾಮಿನೇಟ್ ಮಾಡಿ ಇಟ್ಟಿದ್ದಾರೆ. ಪರಿಹಾರ ಕೇಳೋಣವೆಂದರೆ ಕ್ರಷರ್ ಈಗ ಇಲ್ಲ. ಅದರ ಜಾಗದಲ್ಲಿ ಲೇಔಟ್ ಆಗಿದೆ. ಇದ್ದಿದ್ದರೂ, ನೀನು ಇಲ್ಲಿ ಕೆಲಸ ಮಾಡಿದ್ದಕ್ಕೆ ಏನು ಸಾಕ್ಷಿ ಅನ್ನುತ್ತಿದ್ದರು.

ಈ ರೋಗದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯದ್ದಲ್ಲ, ಮೂಗು ಗಂಟಲಿನಲ್ಲೇ ಸಿಕ್ಕಿಬೀಳುತ್ತದೆ. ನಮ್ಮ ಕೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ತುದಿಯವರೆಗೆ ಇಳಿಯುತ್ತವೆ. ಅವನ್ನು ನುಂಗಲು ಬಂದ ರಕ್ಷಣಾ ಕೋಶಗಳೇ ಸಾಯುತ್ತವೆ. ಅಲ್ಲಿ ಗಾಯವಾಗಿ, ಕಲೆಯಾಗಿ, ಗಟ್ಟಿಯಾಗುತ್ತದೆ. ಕೆಲಸ ಬಿಟ್ಟ ಮೇಲೂ ಈ ಗಟ್ಟಿಯಾಗುವುದು ಮುಂದುವರಿಯಬಹುದು. ಗುಣ ಮಾಡುವ ಔಷಧಿ ಇಲ್ಲ. ಮೇಲಾಗಿ ಟಿಬಿ ಬರುವ ಸಾಧ್ಯತೆಯೂ ಹೆಚ್ಚು, ಅದಕ್ಕೇ ಎರಡೂ ಕಲಸಿಹೋಗಿ ಡಾಕ್ಟರ್‌ಗಳಿಗೂ ಗೊಂದಲ. ತಡೆಯೋದು ಮಾತ್ರ ಕಷ್ಟದ ವಿಜ್ಞಾನವೇನಲ್ಲ. ಕತ್ತರಿಸುವ ಜಾಗಕ್ಕೆ ನೀರು, ಧೂಳು ಎಳೆಯುವ ಮಷಿನ್, ಮುಖಕ್ಕೆ ಸರಿಯಾದ ಮಾಸ್ಕ್. ಕರ್ಚೀಫ್‌ನಿಂದ ಆ ಕಣ ನಿಲ್ಲುವುದಿಲ್ಲ.

ಇದೆಲ್ಲ ಹೊಸದಾಗಿ ಗೊತ್ತಾಗಿದ್ದೂ ಅಲ್ಲ, ಎಲ್ಲೋ ವಿದೇಶದಲ್ಲಿ ಗೊತ್ತಾಗಿದ್ದೂ ಅಲ್ಲ. ಇದೇ ಊರಿನಲ್ಲಿ ಗೊತ್ತಾಗಿತ್ತು. 1940ರಲ್ಲೇ ಮೈಸೂರು ಸಂಸ್ಥಾನ ಕೆಜಿಎಫ್ ಕಾರ್ಮಿಕರಿಗಾಗಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರು, ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಈ ರೋಗ ಕಂಡಿದ್ದನ್ನು 1947ರಲ್ಲಿ ವರದಿ ಮಾಡಿದರು. ಗಣಿ ಕಾರ್ಮಿಕರ ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಶುರುವಾಗಿದ್ದು ಕೂಡ ಇಲ್ಲೇ. ಗಣಿ ಮುಚ್ಚಿದ ಮೇಲೆ ಅದು ನಾಗಪುರಕ್ಕೆ ಹೋಯಿತು. ಬ್ರಿಟಿಷ್ ಕಂಪನಿಯ ಕಾಲದ ಗಣಿಯನ್ನು ಹೊಗಳುವ ಉದ್ದೇಶ ನನಗಿಲ್ಲ. ಮೂಟೆ ಮೂಟೆ ಲಾಭ ಹೊರಗೆ ಹೋಗುತ್ತಿದ್ದಾಗ ತಾತನ ತಾತ ತಡಿಕೆ ಗುಡಿಸಲಿನಲ್ಲಿ ಮಲಗುತ್ತಿದ್ದರು. ಆದರೆ ಅಲ್ಲಿ ಸಾವಿರಾರು ಜನ ಒಂದೇ ಗೇಟಿನಿಂದ ಒಳಗೆ ಹೋಗಿ ಒಂದೇ ಗೇಟಿನಿಂದ ಹೊರಗೆ ಬರುತ್ತಿದ್ದರು. ಒಟ್ಟಿಗೆ ಕೆಲಸ ನಿಲ್ಲಿಸಬಲ್ಲವರಾಗಿದ್ದರು. ಅವರ ಮಗ ಒಬ್ಬನೇ ಚೀಲ ಹಿಡಿದು ಬಂದು ನನ್ನ ಮನೆ ಬೆಲ್ ಒತ್ತುತ್ತಾನೆ.

ಊಟ ಆದಮೇಲೆ ಅಣ್ಣನ ಜೊತೆ ಬೀದಿ ತುದಿಯ ಕಟ್ಟೆ ಮೇಲೆ ಕೂತೆ. ಅಮ್ಮ ಮಾಡಿದ್ದ ಕರುವಾಡು ಕುಳಂಬು, ಒಣಮೀನಿನ ಸಾರು, ನನಗೆ ಹೊಸದು. ಎರಡು ಸಲ ಬಡಿಸಿಕೊಂಡಿದ್ದೆ. ಗಣಿ ಮುಚ್ಚಿದಾಗ ಅಣ್ಣ ಪಿಯುಸಿ ಓದುತ್ತಿದ್ದರಂತೆ. ಓದು ಬಿಟ್ಟು ಗ್ರಾನೈಟ್ ಅಂಗಡಿಗೆ ಹೆಲ್ಪರ್ ಆಗಿ ಸೇರಿದರು. ಇಪ್ಪತ್ತು ವರ್ಷದ ಮೇಲಾಯಿತು.

"ಅಣ್ಣಾ, ಒಂದು ಎಕ್ಸ್‌ರೇ ತೆಗೆಸಿ. ಖರ್ಚು ನಾನು ಕೊಡ್ತೀನಿ" ಅಂದೆ.

ಅವರು ಬೀಡಿ ಹಚ್ಚಲು ಹೋಗಿ, ನನ್ನನ್ನು ನೋಡಿ, ಜೇಬಿಗೆ ಹಾಕಿಕೊಂಡರು. "ತೆಗೆಸ್ಬೋದು ಸಾರ್. ಏನೂ ಇಲ್ಲ ಅಂದ್ರೆ ಸಂತೋಷ. ಇದೆ ಅಂದ್ರೆ?"

"ಕೆಲಸ ಬಿಡಬೇಕಾಗತ್ತೆ."

"ಬಿಟ್ಟು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳು ಡಿಪ್ಲೊಮಾ ಎರಡನೇ ವರ್ಷ. ಅಪ್ಪನ ಇನ್‌ಹೇಲರ್, ಆಕ್ಸಿಜನ್ ಮಷಿನ್‌ನ ಬಾಡಿಗೆ. "ರಾಜಸ್ಥಾನದಲ್ಲಿ ಈ ಕಾಯಿಲೆ ಅಂತ ಸರ್ಟಿಫಿಕೇಟ್ ಆದ್ರೆ ಸರ್ಕಾರ 3 ಲಕ್ಷ ಕೊಡತ್ತೆ ಅಂತ ಓದಿದೆ" ಅಂದೆ. 2019ರಲ್ಲಿ ಅಲ್ಲಿ ಅದಕ್ಕಾಗಿಯೇ ಒಂದು ನೀತಿ ಬಂತು, ಸತ್ತರೆ ಕುಟುಂಬಕ್ಕೆ ಇನ್ನೂ 2 ಲಕ್ಷ. ಅಣ್ಣ ನಕ್ಕರು. "ಅದಕ್ಕೆ ರಾಜಸ್ಥಾನಕ್ಕೆ ಹೋಗ್ಬೇಕಲ್ಲ ಸಾರ್. ಅಲ್ಲಿಂದ ಟ್ರೈನ್ ಇಲ್ಲ."

ಲೇಬರ್ ಕಾರ್ಡ್ ಬಗ್ಗೆ ಕೇಳಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಇವತ್ತು ಹೂಡಿ, ನಾಳೆ ಸರ್ಜಾಪುರ, ನಾಡಿದ್ದು ಇನ್ನೆಲ್ಲೋ ಒಂದು ಅಡುಗೆಮನೆ. ಯಾರು ಬರೆದುಕೊಡಬೇಕು? ಕಾಂಟ್ರಾಕ್ಟರ್, ಆಮೇಲೆ ನೋಡೋಣ ಅಂತ ಎರಡು ವರ್ಷದಿಂದ ಹೇಳುತ್ತಿದ್ದಾನೆ. ವಾಪಸ್ ರೈಲಿನಲ್ಲಿ ಕೂತು ಫೋನಿನಲ್ಲಿ ಕಾನೂನು ಓದಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಲಕ್ಷದೊಳಗಿನ ಸ್ವಂತ ಮನೆ ಕೆಲಸಕ್ಕೆ ಅನ್ವಯಿಸುತ್ತಲೇ ಇರಲಿಲ್ಲ. 2020ರ ಹೊಸ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ. ನನ್ನ ಅಡುಗೆಮನೆಯ ಎಸ್ಟಿಮೇಟ್ 2 ಲಕ್ಷ 40 ಸಾವಿರ. ಒಂದೆರಡು ಸಲ ಓದಿದೆ, ತಪ್ಪು ತಿಳಿದುಕೊಂಡಿರಬಹುದು ಅಂತ. 1940ರಲ್ಲಿ ಗಣಿಯೊಳಗಿದ್ದವರಿಗೆ ಒಂದು ನಿಯಮ ಇತ್ತು. ಈಗ ನನ್ನ ಮನೆಯೊಳಗೆ ಅದೇ ಕಲ್ಲು ಕತ್ತರಿಸುವವರಿಗೆ ನಾನೇ ನಿಯಮ.

ಸೋಮವಾರ ಉಳಿದಿದ್ದು ಯುಟಿಲಿಟಿಯ ಒಂದು ಸ್ಲ್ಯಾಬ್ ಮಾತ್ರ. ನಾನು ಎನ್95 ಮಾಸ್ಕ್‌ಗಳ ಒಂದು ಪ್ಯಾಕೆಟ್ ತಂದಿದ್ದೆ. ನೀರು ಹಾಕಿಕೊಂಡು ಕತ್ತರಿಸೋಣ ಅಂದೆ. ಮಾಮೂಲಿ ಮಷಿನ್‌ಗೆ ಹಾಗೆ ನೀರು ಬಿಟ್ಟರೆ ಶಾಕ್ ಹೊಡೆಯುತ್ತದೆ ಅಂದರು. ನೀರಿನ ಪೈಪ್ ಇರುವ ಮಷಿನ್ ಬಾಡಿಗೆಗೆ ಸಿಗುತ್ತದೆ, ದಿನಕ್ಕೆ ಹೆಚ್ಚು ಕೊಡಬೇಕು, ಕಾಂಟ್ರಾಕ್ಟರ್ ಕೊಡಲ್ಲ. ನಾನು ಕೊಟ್ಟೆ. ಒಂದು ಪಿಜ್ಜಾ, ಒಂದು ಸಿನಿಮಾ ಟಿಕೆಟ್, ಅಷ್ಟೇ ದುಡ್ಡು. ಮೊದಲ ದಿನವೇ ಇದನ್ನು ಯಾಕೆ ಕೇಳಲಿಲ್ಲ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಳಗೆ ಪಾರ್ಕಿಂಗ್‌ನಲ್ಲಿ ಇಟ್ಟು ಕತ್ತರಿಸಿದರು. ನಿಜಕ್ಕೂ ಧೂಳು ಏಳಲಿಲ್ಲ. ಬೂದು ಬಣ್ಣದ ಕೆಸರು ಹರಿಯಿತು ಅಷ್ಟೇ. ಸೆಕೆಗೆ ಮಾಸ್ಕ್ ಹತ್ತು ನಿಮಿಷಕ್ಕೊಮ್ಮೆ ತೆಗೆದು ಮುಖ ಒರೆಸಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದರು. ಅರ್ಧ ಕೆಲಸವಾಗಿತ್ತು. ಅಷ್ಟರಲ್ಲಿ ಅಸೋಸಿಯೇಷನ್ ಗ್ರೂಪಿನಲ್ಲಿ ಫೋಟೋ ಸಮೇತ ಮೆಸೇಜ್: ಪಾರ್ಕಿಂಗ್‌ನಲ್ಲಿ ಕೆಸರು ನೀರು, ಕಾರಿನ ಟೈರ್ ಗಲೀಜಾಗುತ್ತಿದೆ, ಕತ್ತರಿಸುವ ಕೆಲಸ ದಯವಿಟ್ಟು ನಿಮ್ಮ ನಿಮ್ಮ ಫ್ಲ್ಯಾಟ್ ಒಳಗೇ ಮಾಡಿಸಿ. ಅದಕ್ಕೆ ಹನ್ನೊಂದು ಥಂಬ್ಸ್ ಅಪ್. ಕ್ಷಮಿಸಿ, ಇನ್ನರ್ಧ ಗಂಟೆ, ನಾನೇ ತೊಳೆಸುತ್ತೇನೆ ಅಂತ ಬರೆದೆ. ಅಣ್ಣ ಕೆಲಸ ಮುಗಿಸಿದ ಮೇಲೆ ಇಬ್ಬರೂ ಸೇರಿ ಪೊರಕೆ ಹಿಡಿದು ತೊಳೆದೆವು.

ಲೆಕ್ಕ ಚುಕ್ತಾ ಮಾಡುವಾಗ, ಇಷ್ಟು ದಿನ ಕೆಲಸ ಮಾಡಿದ್ದಾರೆ ಅಂತ ದಿನಾಂಕ ಹಾಕಿ, ನನ್ನ ಹೆಸರು, ವಿಳಾಸ, ಸಹಿ ಮಾಡಿ ಒಂದು ಕಾಗದ ಕೊಟ್ಟೆ. ಒಂಬತ್ತು ದಿನ. ಕಾರ್ಡಿಗೆ ಇನ್ನು 81 ದಿನ ಬೇಕು. ಅಣ್ಣ ಅದನ್ನು ಮಡಚಿ ಟಿಫನ್ ಡಬ್ಬಿಯ ಕವರ್ ಒಳಗೆ ಇಟ್ಟುಕೊಂಡರು. ಎಕ್ಸ್‌ರೇ ಬಗ್ಗೆ ಮತ್ತೆ ಕೇಳಿದ್ದಕ್ಕೆ, "ದೀಪಾವಳಿ ಆಗ್ಲಿ ಸಾರ್, ಆಮೇಲೆ" ಅಂದರು. ದೀಪಾವಳಿಗೆ ಮುಂಚೆ ಗೃಹಪ್ರವೇಶದ ಕೆಲಸಗಳು ಜಾಸ್ತಿ.

ಅಮ್ಮ ಬಂದು ಕಟ್ಟೆ ನೋಡಿ ಮೆಚ್ಚಿಕೊಂಡರು. ಮೂಲೆ ಎಷ್ಟು ನುಣುಪಾಗಿದೆ ಅಂತ ಕೈಯಾಡಿಸಿದರು. ಕಳೆದ ವಾರ ನಮ್ಮ ಮೇಲಿನ ಫ್ಲ್ಯಾಟಿಗೂ ಹೊಸಬರು ಬಂದಿದ್ದಾರೆ, ಅಡುಗೆಮನೆ ಕಿತ್ತಿದ್ದಾರೆ. ಇವತ್ತು ಬೆಳಿಗ್ಗೆ ಒಂಬತ್ತೂಕಾಲಿಗೆ ಮಷಿನ್ ಶುರುವಾಯಿತು. ಬಾಲ್ಕನಿಗೆ ಬಂದು ನೋಡಿದರೆ ಮೇಲಿನಿಂದ ಬಿಳಿ ಧೂಳು ಇಳಿಯುತ್ತಿತ್ತು. ಮಾಸ್ಕ್ ಪ್ಯಾಕೆಟ್‌ನಲ್ಲಿ ಇನ್ನೂ ಏಳು ಉಳಿದಿದ್ದವು. ತಗೊಂಡು ಮೆಟ್ಟಿಲು ಹತ್ತಿದೆ.